ಸ್ವಭಾವಕ್ಕೆ ಹೆಸರಿಡುವ ಮೊದಲು: ಒಬ್ಬರ ವರ್ತನೆಯನ್ನು ಮನೋವಿಜ್ಞಾನಿಗಳಂತೆ ಅರ್ಥಮಾಡಿಕೊಳ್ಳುವ ಬಗೆ

“ಅವನು ಯಾಕೆ ಹಾಗೆ ಕೂಗಾಡಿದ?”
“ಮುಂಗೋಪಿ ಅವನು, ಅದಕ್ಕೆ.”
“ಮುಂಗೋಪಿ ಎಂದು ನಿಮಗೆ ಹೇಗೆ ಗೊತ್ತು?”
“ನೋಡಲಿಲ್ಲವೇ, ಹೇಗೆ ಕೂಗಾಡಿದ!”

ಮದುವೆಯ ಮಾತುಕತೆಯಿಂದ ಹಿಡಿದು ಕಚೇರಿಯ ಬಡ್ತಿಯವರೆಗೆ ನಾವು ಜನರನ್ನು ಅಳೆಯುವುದು ಹೆಚ್ಚುಕಡಿಮೆ ಹೀಗೆಯೇ. ಕೂಗಾಟಕ್ಕೆ ಮುಂಗೋಪ ಕಾರಣ, ಮುಂಗೋಪಕ್ಕೆ ಕೂಗಾಟವೇ ಸಾಕ್ಷಿ. ಸುತ್ತಿ ಬಳಸಿ ಹೊರಟಲ್ಲಿಗೇ ಬಂದು ನಿಂತಿದ್ದರೂ ಏನೋ ತಿಳಿದುಕೊಂಡೆವು ಎಂಬ ಸಮಾಧಾನವೊಂದು ಸಿಕ್ಕಿಬಿಡುತ್ತದೆ. ಮನೋವಿಜ್ಞಾನಿಗಳು ಗುಣವಾಚಕಗಳನ್ನು ಬಳಸುವುದಿಲ್ಲವೆಂದಲ್ಲ, ಧಾರಾಳವಾಗಿ ಬಳಸುತ್ತಾರೆ. ಆದರೆ ಅವರ ಲೆಕ್ಕದಲ್ಲಿ ಗುಣ ಎಂದರೆ ಒಬ್ಬರು ಬಹಳ ಕಾಲ, ಬಹಳ ಕಡೆ ನಡೆದುಕೊಂಡ ರೀತಿಯ ಸಾರಾಂಶ. ಕಾರಣವನ್ನು ಬೇರೆಯಾಗಿಯೇ ಹುಡುಕಬೇಕು.

ಆ ಹುಡುಕಾಟವನ್ನು ಮನೆಯಲ್ಲಿ ಕುಳಿತೇ ಕ್ರಮವಾಗಿ ಮಾಡುವುದು ಹೇಗೆಂದು ಇಲ್ಲಿ ಹೇಳುತ್ತೇನೆ. ನೀವು ಅರ್ಥಮಾಡಿಕೊಳ್ಳಲು ಹೊರಟಿರುವುದು ಮಗನನ್ನಿರಬಹುದು, ಅತ್ತೆಯನ್ನಿರಬಹುದು, ಪಕ್ಕದ ಮೇಜಿನ ಸಹೋದ್ಯೋಗಿಯನ್ನಿರಬಹುದು, ನಿಮ್ಮನ್ನೇ ಇರಬಹುದು. ಬೇಕಾಗಿರುವುದು ಒಂದು ನೋಟ್‌ಬುಕ್ ಮತ್ತು ಎರಡು ವಾರಗಳ ತಾಳ್ಮೆ. ಒಂದು ಎಚ್ಚರಿಕೆ: ಯಾರಿಗೂ ಕಾಯಿಲೆಯ ಹೆಸರು ಅಂಟಿಸಲು ಇದನ್ನು ಬಳಸಬೇಡಿ. ಅದು ತರಬೇತಿ ಪಡೆದವರ ಕೆಲಸ.

1. ಗುಣವನ್ನಲ್ಲ, ನಡೆದದ್ದನ್ನು ಬರೆಯಿರಿ

ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ‘ನಮ್ಮವನು ಮಹಾ ಸೋಮಾರಿ, ಪುಸ್ತಕ ಮುಟ್ಟುವುದಿಲ್ಲ’ ಎಂಬುದು ಮನೆಯವರ ದೂರು. ‘ಸೋಮಾರಿ’ಯನ್ನು ಎರಡು ವಾರ ಬದಿಗಿಟ್ಟು, ಸಂಜೆ ಕಂಡದ್ದನ್ನಷ್ಟೇ ಅವನ ತಾಯಿ ಬರೆಯತೊಡಗಿದರು ಎನ್ನೋಣ.

ಸೋಮವಾರ, 6.30. ಗಣಿತದ ಪುಸ್ತಕ ತೆರೆದ. ಬೀಜಗಣಿತದ ಎರಡನೇ ಲೆಕ್ಕದಲ್ಲಿ ನಿಂತ. ಇವರು ಹಿಂದಿನಿಂದ ಬಗ್ಗಿ ನೋಡಿ “ಇಷ್ಟೂ ಬರುವುದಿಲ್ಲವೇನೋ?” ಎಂದರು. ಪುಸ್ತಕ ಮುಚ್ಚಿದ. ನೀರು ಕುಡಿಯಲು ಎದ್ದವನು ಮರಳಲಿಲ್ಲ.
ಮಂಗಳವಾರ. ವಿಜ್ಞಾನದ ಚಿತ್ರ ಬಿಡಿಸಲು ಕುಳಿತ. ಊಟಕ್ಕೆ ಎರಡು ಸಲ ಕರೆಯಬೇಕಾಯಿತು. ಇವರು ಊರಿನಲ್ಲಿರಲಿಲ್ಲ.
ಬುಧವಾರ. ಗಣಿತ. ಮೇಲಿನ ಮನೆಯ ಅಕ್ಕ ಜೊತೆಗಿದ್ದಳು. ಐದು ಲೆಕ್ಕ ಮಾಡಿದ, ಎರಡು ತಪ್ಪು. ನಗುತ್ತಿದ್ದ.
ಗುರುವಾರ, 6.40. ಗಣಿತ. ಇವರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತರು. ಹೊಟ್ಟೆನೋವು ಎಂದ. ಮಲಗಲು ಹೇಳಿದೆವು.

ನಾಲ್ಕು ದಿನಗಳಿಗೇ ‘ಪುಸ್ತಕ ಮುಟ್ಟುವುದಿಲ್ಲ’ ಎಂಬ ಮಾತು ಸುಳ್ಳಾಯಿತು. ಬರೆಯುವಾಗ ಪ್ರತಿ ಪ್ರಸಂಗಕ್ಕೂ ಮೂರು ಭಾಗ ಇರಲಿ: ಅದಕ್ಕೆ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಮೂರನೆಯದನ್ನು ಬರೆಯಲು ಎಲ್ಲರೂ ಮರೆಯುತ್ತಾರೆ, ಬೇಕಾದ ಸುಳಿವು ಬಹುಪಾಲು ಅಲ್ಲಿಯೇ ಇರುತ್ತದೆ. ಪುಸ್ತಕ ಮುಚ್ಚಿದೊಡನೆ ಅಪ್ಪನ ಮಾತು ನಿಂತಿತು. ಹೊಟ್ಟೆನೋವು ಎಂದೊಡನೆ ಗಣಿತವೇ ತಪ್ಪಿತು. ಅಹಿತವಾದದ್ದು ಯಾವುದರಿಂದ ತಪ್ಪುತ್ತದೆಯೋ ಆ ವರ್ತನೆ ಬೇರೂರುತ್ತದೆ ಎಂಬುದು ಬಿ.ಎಫ್. ಸ್ಕಿನ್ನರ್ ಪರಂಪರೆಯ ಮನೋವಿಜ್ಞಾನ ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ತೋರಿಸಿಕೊಟ್ಟ ಸಂಗತಿ. ಇದಕ್ಕೆ ಋಣಾತ್ಮಕ ಪುನರ್ಬಲನ ಎನ್ನುತ್ತಾರೆ, ಬಿ.ಎಡ್. ಓದುವವರೂ ಇದನ್ನು ಶಿಕ್ಷೆ ಎಂದು ತಪ್ಪಾಗಿ ಬರೆಯುವುದುಂಟು. ಇಲ್ಲಿ ಹುಡುಗನಿಗೆ ಸಿಕ್ಕಿದ್ದು ಶಿಕ್ಷೆಯಲ್ಲ, ಬಿಡುಗಡೆ. ಹಾಗೆಂದು ಹೊಟ್ಟೆನೋವು ನಾಟಕವೆಂದು ತೀರ್ಮಾನಿಸಬೇಡಿ. ಹೆದರಿಕೆಗೆ ನಿಜವಾಗಿಯೂ ಹೊಟ್ಟೆ ಕಿವುಚುತ್ತದೆ, ಮಕ್ಕಳಲ್ಲಂತೂ ಬಹಳ.

ಭಾಷೆಯ ವಿಷಯದಲ್ಲಿ ಬಿಗಿಯಾಗಿರಿ. ‘ಉಡಾಫೆಯಿಂದ ನಡೆದುಕೊಂಡ’ ಎಂದು ಬರೆದರೆ ನೀವು ಆಗಲೇ ತೀರ್ಪು ಕೊಟ್ಟಿದ್ದೀರಿ. ‘ಕೇಳಿದ್ದಕ್ಕೆ ಉತ್ತರಿಸದೆ ಮೊಬೈಲ್ ನೋಡುತ್ತಿದ್ದ’ ಎಂದರೆ ಬೇರೆಯವರೂ ಒಪ್ಪಬಹುದಾದ ವರದಿ. ಕ್ಯಾಮೆರಾ ಹಿಡಿಯಲಾರದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬಾರದು.

2. ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿ

ಹೆರಾಲ್ಡ್ ಕೆಲ್ಲಿ ಎಂಬ ಅಮೆರಿಕನ್ ಸಾಮಾಜಿಕ ಮನೋವಿಜ್ಞಾನಿ 1967ರಲ್ಲಿ ಮುಂದಿಟ್ಟ ಸೂತ್ರವಿದು. ನಾನು ಕಂಡ ಸಿದ್ಧಾಂತಗಳಲ್ಲಿ ಮನೆಬಳಕೆಗೆ ಇಷ್ಟು ಒದಗಿಬರುವುದು ಇನ್ನೊಂದಿಲ್ಲ.

ಇದೇ ಸಂದರ್ಭದಲ್ಲಿ ಬೇರೆಯವರೂ ಹೀಗೆಯೇ ಮಾಡುತ್ತಾರೆಯೇ? ಈತ ಬೇರೆ ಸಂದರ್ಭಗಳಲ್ಲೂ ಹೀಗೆಯೇ ಮಾಡುತ್ತಾನೆಯೇ? ಇದೇ ಸಂದರ್ಭ ಮತ್ತೆ ಬಂದಾಗಲೆಲ್ಲ ಹೀಗೆಯೇ ಮಾಡುತ್ತಾನೆಯೇ?

ಬೇರೆ ಯಾರೂ ಹೀಗೆ ಮಾಡುವುದಿಲ್ಲ, ಈತ ಮಾತ್ರ ಎಲ್ಲ ಕಡೆಯೂ ಪ್ರತಿಸಲವೂ ಹೀಗೆಯೇ ಎಂದಾದರೆ ಕಾರಣ ವ್ಯಕ್ತಿಯಲ್ಲಿದೆ ಎನ್ನಲು ಆಧಾರವಿದೆ. ಎಲ್ಲರೂ ಇಲ್ಲಿ ಹೀಗೆಯೇ ಮಾಡುತ್ತಾರೆ, ಈತ ಬೇರೆ ಕಡೆ ಹೀಗೆ ಮಾಡುವುದಿಲ್ಲ ಎಂದಾದರೆ ಸಂದರ್ಭದ ಕಡೆ ನೋಡಿ. ಯಾವತ್ತೋ ಒಂದು ಸಲ ಮಾಡಿದ್ದಾದರೆ ಆ ದಿನದ್ದೇ ಏನೋ ಇರಬೇಕು: ನಿದ್ದೆಗೆಟ್ಟಿದ್ದನೋ, ಜ್ವರವೋ, ಶಾಲೆಯಲ್ಲಿ ಜಗಳವೋ.

ನಮ್ಮ ಹುಡುಗನ ಮೇಲೆ ಇದನ್ನು ಹಾಕಿ ನೋಡಿ. ತರಗತಿಯ ಶಿಕ್ಷಕರನ್ನು ವಿಚಾರಿಸಿದರೆ ಬೀಜಗಣಿತದಲ್ಲಿ ಎಡವುವವರು ಇನ್ನೂ ಬಹಳ ಮಂದಿ ಇದ್ದಾರೆಂದು ತಿಳಿಯುತ್ತದೆ. ಚಿತ್ರ ಬಿಡಿಸುವಾಗ ಅವನಿಗೆ ಊಟದ ನೆನಪೂ ಇಲ್ಲ. ಗಣಿತವನ್ನೇ ಅಕ್ಕನ ಜೊತೆ ಮಾಡುತ್ತಾನೆ. ಆದರೆ ಗಣಿತ ಮತ್ತು ಅಪ್ಪ ಒಟ್ಟಿಗೆ ಬಂದ ಎರಡು ದಿನವೂ ಎದ್ದುಹೋಗಿದ್ದಾನೆ. ಸೋಮಾರಿತನಕ್ಕೆ ಇಲ್ಲಿ ಸಾಕ್ಷಿಯೇ ಇಲ್ಲ. ಇರುವುದು ತಪ್ಪು ಮಾಡುವುದನ್ನು ಅಪ್ಪನೆದುರು ತೋರಿಸಿಕೊಳ್ಳುವ ಭಯ.

ಎರಡನೇ ಪ್ರಶ್ನೆಗೆ ಮನೆಯೊಳಗೇ ಉತ್ತರ ಸಿಗುವುದು ಕಷ್ಟ, ಇದು ನೆನಪಿರಲಿ. ಕಚೇರಿಯಲ್ಲಿ ಮಾತ್ರ ನೋಡಿದ ಸಹೋದ್ಯೋಗಿಯನ್ನು ‘ಮೌನಿ’ ಎಂದುಕೊಂಡಿರುತ್ತೀರಿ. ಅವರ ಊರಿನ ಯಕ್ಷಗಾನ ಮೇಳದಲ್ಲಿ ಅವರೇ ಹಾಸ್ಯಗಾರರಾಗಿರಬಹುದು. ಬೇರೆ ಕಡೆ ಅವರನ್ನು ಕಂಡ ಒಬ್ಬಿಬ್ಬರನ್ನು ಕೇಳದೆ ಈ ಪ್ರಶ್ನೆಯನ್ನು ಮುಗಿಸಬೇಡಿ.

3. ಸಂದರ್ಭಕ್ಕೆ ಅದರ ತೂಕ ಕೊಡಿ

ಕೆಲ್ಲಿಯ ಪ್ರಶ್ನೆಗಳು ಎಷ್ಟು ಸರಳವಾಗಿದ್ದರೂ ನಾವು ಅವನ್ನು ಕೇಳಿಕೊಳ್ಳುವುದೇ ಇಲ್ಲ. 1967ರಲ್ಲೇ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಪ್ರಕಟಿಸಿದ ಪ್ರಯೋಗವೊಂದಿದೆ. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಪರವಾಗಿ ಅಥವಾ ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ಓದಲು ಕೊಟ್ಟರು. ಬರೆದವನಿಗೆ ಆಯ್ಕೆಯೇ ಇರಲಿಲ್ಲ, ಯಾವ ಪಕ್ಷ ಹಿಡಿಯಬೇಕೆಂದು ಅವನಿಗೆ ಹೇಳಿಕೊಟ್ಟಿದ್ದರು ಎಂದು ತಿಳಿಸಿದ ಮೇಲೂ, ಪರವಾದ ಪ್ರಬಂಧ ಓದಿದವರು ‘ಇವನು ಒಳಗೊಳಗೇ ಕ್ಯಾಸ್ಟ್ರೋ ಪರ’ ಎಂದು ಅಂದಾಜು ಮಾಡಿದರು. ಮಾಡಿದ್ದನ್ನು ಕಂಡೊಡನೆ ಮಾಡಿದವನ ಗುಣಕ್ಕೆ ಅದನ್ನು ಸೇರಿಸಿಬಿಡುವ ಈ ಚಾಳಿಯನ್ನು ಲೀ ರಾಸ್ 1977ರಲ್ಲಿ ‘ಆರೋಪಣೆಯ ಮೂಲಭೂತ ದೋಷ’ ಎಂದು ಕರೆದರು.

ಸಂದರ್ಭ ಎಂದಾಗ ದೊಡ್ಡ ದೊಡ್ಡ ಸಂಗತಿಗಳನ್ನೇ ಊಹಿಸಿಕೊಳ್ಳಬೇಡಿ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಅದು ಕೆಲವು ನಿಮಿಷಗಳ ಅವಸರವಷ್ಟೇ. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಮಾತನಾಡಬೇಕಿತ್ತು. ಕೆಲವರಿಗೆ ಕೊಟ್ಟ ವಿಷಯ, ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿಗೆ ನೆರವಾದ ಸಮಾರ್ಯದವನ ಬೈಬಲ್ ಕಥೆ. ದಾರಿಯ ಬಾಗಿಲೊಂದರ ಬಳಿ ಒಬ್ಬ ಮನುಷ್ಯ ಕುಸಿದು ಕುಳಿತು ಕೆಮ್ಮುತ್ತ ನರಳುತ್ತಿದ್ದ. ಅವನನ್ನು ಕೂರಿಸಿದವರು ಸಂಶೋಧಕರೇ. ಸಮಯ ಧಾರಾಳವಾಗಿದೆ ಎಂದುಕೊಂಡವರಲ್ಲಿ 63% ಮಂದಿ ಹೇಗಾದರೂ ನೆರವಿಗೆ ಬಂದರು. ಸ್ವಲ್ಪ ಅವಸರದಲ್ಲಿದ್ದವರಲ್ಲಿ 45%. ‘ಈಗಾಗಲೇ ತಡವಾಗಿದೆ, ಓಡಿ’ ಎಂದು ಕಳುಹಿಸಿದವರಲ್ಲಿ 10% ಮಾತ್ರ. ಧರ್ಮದ ಕುರಿತು ಅವರ ನಿಲುವುಗಳನ್ನು ಮೊದಲೇ ಅಳೆದಿಟ್ಟುಕೊಂಡಿದ್ದರು. ಯಾರು ನಿಲ್ಲುತ್ತಾರೆ, ಯಾರು ದಾಟಿಹೋಗುತ್ತಾರೆ ಎಂಬುದನ್ನು ಹೇಳಲು ಅದು ಪ್ರಯೋಜನಕ್ಕೆ ಬರಲಿಲ್ಲ. ಸಣ್ಣ ಪ್ರಯೋಗ, ನಿಜ. ಆದರೆ ಬೆಳಗಿನ ಎಂಟೂವರೆಗೆ ಬೆಂಗಳೂರಿನ ರಸ್ತೆಯಲ್ಲಿ ಕಂಡದ್ದನ್ನು ಇಟ್ಟುಕೊಂಡು ಜನರ ಮಾನವೀಯತೆ ಅಳೆಯುವವರು ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಈ ದೋಷ ಮನುಷ್ಯರೆಲ್ಲರಿಗೂ ಒಂದೇ ಪ್ರಮಾಣದಲ್ಲಿ ಅಂಟಿದೆಯೇ? ಇದಕ್ಕೆ ಉತ್ತರ ಹುಡುಕಿಕೊಂಡು ಜೋನ್ ಮಿಲ್ಲರ್ ಎಂಬ ಸಂಶೋಧಕಿ ಬಂದದ್ದು ಮೈಸೂರಿಗೆ. ಶಿಕಾಗೋ ಮತ್ತು ಮೈಸೂರಿನ ಮಕ್ಕಳು ಹಾಗೂ ದೊಡ್ಡವರನ್ನು ಹೋಲಿಸಿ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಸಾಮಾಜಿಕ ಮನೋವಿಜ್ಞಾನದ ಪಠ್ಯಪುಸ್ತಕಗಳಲ್ಲಿದೆ. ನಿಮಗೆ ಗೊತ್ತಿರುವವರು ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಅವರು ಹಾಗೇಕೆ ಮಾಡಿದರು ಹೇಳಿ ಎಂದು ಕೇಳಿದರು. ಮೈಸೂರಿನ ಕಡೆಯಿಂದ ಬಂದ ಪ್ರಸಂಗವೊಂದು ಹೀಗಿತ್ತು: ವಕೀಲರೊಬ್ಬರು ಒಬ್ಬರನ್ನು ಹಿಂದೆ ಕೂರಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಹೋಗುವಾಗ ಹಿಂದಿನ ಚಕ್ರ ಸಿಡಿಯಿತು. ಹಿಂದೆ ಕುಳಿತಿದ್ದವರ ತಲೆಗೆ ಪೆಟ್ಟಾಯಿತು. ವಕೀಲರು ಅವರನ್ನು ಆಸ್ಪತ್ರೆಗೆ ಸೇರಿಸಿ, ಪೆಟ್ಟು ಎಷ್ಟು ತೀವ್ರವೆಂದು ವೈದ್ಯರನ್ನು ಕೇಳದೆ ಕೋರ್ಟಿಗೆ ಹೋದರು. ಗಾಯಾಳು ಉಳಿಯಲಿಲ್ಲ. ತಪ್ಪು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ‘ಏಕೆ’ ಎಂದಾಗ ಕಥೆ ಹೇಳಿದವರು ಕಕ್ಷಿದಾರನ ಪರ ಕೋರ್ಟಿನಲ್ಲಿರಬೇಕಾದ ವಕೀಲರ ಕರ್ತವ್ಯ, ಗಾಬರಿ, ಪೆಟ್ಟು ಅಷ್ಟು ದೊಡ್ಡದೆಂದು ಕಾಣದಿದ್ದದ್ದು ಇವನ್ನೆಲ್ಲ ಮುಂದಿಟ್ಟರು. ಇದೇ ಪ್ರಸಂಗ ಕೇಳಿದ ಅಮೆರಿಕನ್ನರು ವಕೀಲರ ಬೇಜವಾಬ್ದಾರಿಯ ಕಡೆ ಬೆರಳು ಮಾಡಿದರು.

ಇನ್ನೂ ಕುತೂಹಲದ ಸಂಗತಿ: ಎಂಟು ವರ್ಷದ ಮಕ್ಕಳಲ್ಲಿ ಎರಡೂ ಊರುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವಯಸ್ಸಾದಂತೆ ಶಿಕಾಗೋದವರು ಗುಣದ ಕಡೆಗೆ, ಮೈಸೂರಿನವರು ಸಂದರ್ಭದ ಕಡೆಗೆ ವಾಲುತ್ತಾ ಹೋದರು. ಅಂದರೆ ಜನರನ್ನು ವಿವರಿಸುವ ಅಭ್ಯಾಸವನ್ನೂ ನಾವು ಸುತ್ತಲಿನವರಿಂದ ಕಲಿಯುತ್ತೇವೆ. ನನ್ನ ಅನುಮಾನವೇನೆಂದರೆ, ಹೊಸ ತಲೆಮಾರಿನ ಮೈಸೂರಿನವರು ಶಿಕಾಗೋ ಕಡೆಗೆ ಸಾಕಷ್ಟು ದೂರ ನಡೆದಿದ್ದಾರೆ. ಅಂದಹಾಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರ ಶುರುಮಾಡಿದವರು.

ಈ ಹೆಜ್ಜೆಯಲ್ಲಿ ನೀವು ಮಾಡಬೇಕಾದದ್ದು ಇಷ್ಟು: ನೋಟ್‌ಬುಕ್ಕಿನ ಪ್ರತಿ ಪ್ರಸಂಗದ ಪಕ್ಕದಲ್ಲಿ, ಅದೇ ಜಾಗದಲ್ಲಿ ನೀವಿದ್ದಿದ್ದರೆ ಯಾವ ಕಾರಣಕ್ಕೆ ಹೀಗೆಯೇ ಮಾಡುತ್ತಿದ್ದಿರಿ ಎಂದು ಒಂದು ಸಾಲು ಬರೆಯಿರಿ. ನಮ್ಮ ಕೋಪಕ್ಕೆ ಟ್ರಾಫಿಕ್ ಕಾರಣ, ಎದುರಿನವರ ಕೋಪಕ್ಕೆ ಅವರ ಬುದ್ಧಿ ಕಾರಣ ಎಂಬ ಎರಡು ತಕ್ಕಡಿಯ ವ್ಯಾಪಾರ ಆಗ ಕಣ್ಣಿಗೆ ಬೀಳುತ್ತದೆ.

4. ಈಗ ಗುಣದ ಮಾತಾಡಬಹುದು

ಸಂದರ್ಭವೇ ಎಲ್ಲವೂ ಎಂದು ಹೊರಟರೆ ಅದೂ ಅತಿರೇಕ. ಅಮೆರಿಕದ ಮನೋವಿಜ್ಞಾನದಲ್ಲಿ ಹಾಗೊಂದು ಕಾಲವೇ ಬಂದಿತ್ತು. 1920ರ ದಶಕದಲ್ಲಿ ಹ್ಯೂ ಹಾರ್ಟ್‌ಶಾರ್ನ್ ಮತ್ತು ಮಾರ್ಕ್ ಮೇ ಸಾವಿರಾರು ಶಾಲಾಮಕ್ಕಳಿಗೆ ಮೋಸ ಮಾಡಲು, ಸುಳ್ಳು ಹೇಳಲು, ಕದಿಯಲು ಅವಕಾಶಗಳನ್ನು ಒದಗಿಸಿ ನೋಡಿದ್ದರು. ಪರೀಕ್ಷೆಯಲ್ಲಿ ನಕಲು ಮಾಡಿದವನು ಆಟದಲ್ಲೂ ಮೋಸ ಮಾಡುತ್ತಾನೆಂದು ಹೇಳುವಂತಿರಲಿಲ್ಲ; ಎರಡರ ನಡುವಿನ ನಂಟು ತೀರಾ ಸಡಿಲವಾಗಿತ್ತು. 1968ರಲ್ಲಿ ವಾಲ್ಟರ್ ಮಿಶೆಲ್ ಇಂತಹ ಸಂಶೋಧನೆಗಳನ್ನೆಲ್ಲ ಒಟ್ಟುಹಾಕಿ, ಅಳೆದ ಗುಣಕ್ಕೂ ಒಂದು ನಿರ್ದಿಷ್ಟ ಸಂದರ್ಭದ ವರ್ತನೆಗೂ ಇರುವ ಸಹಸಂಬಂಧ (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ಣ ನಂಟು) 0.30ರ ಆಚೆಗೆ ಹೋಗುವುದು ಅಪರೂಪ ಎಂದು ವಾದಿಸಿದಾಗ ದೊಡ್ಡ ಗದ್ದಲವೆದ್ದಿತು.

ಗದ್ದಲ ತಣ್ಣಗಾದದ್ದು ಒಂದು ಸರಳ ತಿಳಿವಳಿಕೆಯಿಂದ. ಸೀಮೋರ್ ಎಪ್‌ಸ್ಟೈನ್ 1979ರಲ್ಲಿ ತೋರಿಸಿದಂತೆ, ಒಂದು ದಿನದ ಒಂದು ವರ್ತನೆಯನ್ನು ಗುಣದಿಂದ ಊಹಿಸುವುದು ಕಷ್ಟ. ಹಲವು ದಿನಗಳ ಸರಾಸರಿ ತೆಗೆದರೆ ಮನುಷ್ಯ ಆಶ್ಚರ್ಯವಾಗುವಷ್ಟು ತನ್ನಂತೆಯೇ ಇರುತ್ತಾನೆ. ಆಗುಂಬೆಯಲ್ಲಿ ಮಳೆ ಹೆಚ್ಚು ಎಂಬುದು ಸತ್ಯ. ಆದರೆ ಅದನ್ನೇ ನಂಬಿ ಫೆಬ್ರವರಿಯ ಒಂದು ಮಧ್ಯಾಹ್ನ ಅಲ್ಲಿಗೆ ಕೊಡೆ ಹಿಡಿದು ಹೋಗಬೇಕಾಗಿಲ್ಲ. ಗುಣವಾಚಕಗಳನ್ನು ಇಷ್ಟೇ ನಂಬಿಕೆಯಿಂದ ಬಳಸಿ.

ಹಾಗಾದರೆ ಯಾವ ಗುಣಗಳನ್ನು ನೋಡಬೇಕು? 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಇಂಗ್ಲಿಷ್ ನಿಘಂಟನ್ನು ಜಾಲಾಡಿ ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಅಷ್ಟನ್ನು ಹಿಡಿದುಕೊಂಡು ಯಾರೂ ಕೆಲಸ ಮಾಡಲಾರರು. ರೇಮಂಡ್ ಕ್ಯಾಟೆಲ್ ಅದನ್ನು 16ಕ್ಕೆ ಇಳಿಸಿದರು, ಹ್ಯಾನ್ಸ್ ಐಸೆಂಕ್ ಎರಡು ಮೂರಕ್ಕೆ. 1961ರಲ್ಲಿ ಅಮೆರಿಕದ ವಾಯುಪಡೆಗಾಗಿ ಕೆಲಸ ಮಾಡುತ್ತಿದ್ದ ಟ್ಯೂಪ್ಸ್ ಮತ್ತು ಕ್ರಿಸ್ಟಲ್ ಎಂಬಿಬ್ಬರ ಲೆಕ್ಕಾಚಾರದಲ್ಲಿ ಐದು ಗುಂಪುಗಳು ಮರುಮರಳಿ ಕಾಣಿಸಿಕೊಂಡವು. ಅವೇ ಇಂದು ‘ಬಿಗ್ ಫೈವ್’ ಹೆಸರಿನಲ್ಲಿ ಪ್ರಸಿದ್ಧ.

ಹೊಸತಿಗೆ ತೆರೆದುಕೊಳ್ಳುವ ಮನಸ್ಸು, ಶಿಸ್ತು ಮತ್ತು ಹೊಣೆಗಾರಿಕೆ, ಬಹಿರ್ಮುಖತೆ, ಸೌಹಾರ್ದ, ಆತಂಕದ ಪ್ರವೃತ್ತಿ: ಈ ಐದು. ಪ್ರತಿಯೊಂದೂ ಒಂದು ಅಳತೆಗೋಲು. ಬಹುಪಾಲು ಜನ ಅದರ ನಡುಭಾಗದಲ್ಲಿರುತ್ತಾರೆ. ‘ಅವನು ಅಂತರ್ಮುಖಿ’ ಎಂಬ ಪೆಟ್ಟಿಗೆ ನಿಜಜೀವನದಲ್ಲಿ ಇಲ್ಲ. ಐದರಲ್ಲಿ ಹೊಣೆಗಾರಿಕೆ ಕೆಲಸದ ಫಲಿತಾಂಶದ ಜೊತೆ ಬಹುತೇಕ ಎಲ್ಲ ವೃತ್ತಿಗಳಲ್ಲೂ ತಳುಕು ಹಾಕಿಕೊಂಡಿದೆ. ಬಹಿರ್ಮುಖತೆ ಹಾಗಲ್ಲ, ಮಾರಾಟದಂಥ ಕೆಲಸಗಳಲ್ಲಿ ಮುಖ್ಯವಾಗಿ ಉಪಯೋಗಕ್ಕೆ ಬರುತ್ತದೆ. ಈ ಪಟ್ಟಿ ಸರ್ವದೇಶ ಸರ್ವಕಾಲಕ್ಕೂ ಸಲ್ಲುತ್ತದೆಯೇ ಎಂಬ ತಕರಾರು ಮುಗಿದಿಲ್ಲ. ಬೊಲಿವಿಯಾದಲ್ಲಿ ಬೇಟೆ ಮತ್ತು ಬೇಸಾಯದಿಂದ ಬದುಕುವ ತ್ಸಿಮಾನೆ ಜನರಲ್ಲಿ ಈ ಐದು ಗುಂಪುಗಳು ಬೇರ್ಪಟ್ಟು ನಿಲ್ಲಲಿಲ್ಲ. ಪ್ರಾಮಾಣಿಕತೆ ಮತ್ತು ವಿನಯವನ್ನು ಆರನೆಯದಾಗಿ ಸೇರಿಸಬೇಕೆಂದು ಮೈಕಲ್ ಆಶ್ಟನ್ ಮತ್ತು ಕಿಬಿಯೋಮ್ ಲೀ ವಾದಿಸುತ್ತಾರೆ. ಸಾಲ ಕೊಡುವ ಮುಂಚೆ ನಾವೆಲ್ಲ ಮೊದಲು ನೋಡುವುದೇ ಅದನ್ನಾದ್ದರಿಂದ ನನ್ನ ಮತ ಅವರಿಗೆ.

ಈಗ ನೋಟ್‌ಬುಕ್ಕಿಗೆ ಮರಳಿ, ನೀವು ನೋಡುತ್ತಿರುವವರು ಈ ಐದು ಅಳತೆಗೋಲುಗಳಲ್ಲಿ ಎಲ್ಲೆಲ್ಲಿ ನಿಲ್ಲುತ್ತಾರೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಅದರ ಕೆಳಗೆ ಇನ್ನೂ ಮುಖ್ಯವಾದ ಒಂದು ಸಾಲು ಬರೆಯಬೇಕು: ‘ಹೀಗಾದರೆ, ಹಾಗೆ ಮಾಡುತ್ತಾರೆ.’ ಮಿಶೆಲ್ ಅವರೇ ಯುಇಚಿ ಶೋಡಾ ಜೊತೆ ಸೇರಿ ಆಮೇಲೆ ಕಂಡುಕೊಂಡ ದಾರಿಯಿದು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಬೇಸಿಗೆ ಶಿಬಿರವೊಂದರಲ್ಲಿ ಮಕ್ಕಳನ್ನು ದಿನಗಟ್ಟಲೆ ಗಮನಿಸಿದಾಗ, ಒಟ್ಟಾರೆ ಒಂದೇ ಪ್ರಮಾಣದಲ್ಲಿ ಜಗಳವಾಡುವ ಇಬ್ಬರು ಮಕ್ಕಳು ಬೇರೆ ಬೇರೆ ಹೊತ್ತಿನಲ್ಲಿ ಸಿಡಿಯುವುದು ಕಂಡಿತು. ಒಬ್ಬನು ಸಿಡಿಯುವುದು ದೊಡ್ಡವರು ಗದರಿದಾಗ, ಇನ್ನೊಬ್ಬನು ಓರಗೆಯವರು ಸ್ನೇಹದಿಂದ ಹತ್ತಿರ ಬಂದಾಗಲೂ. ಇಬ್ಬರಿಗೂ ‘ಜಗಳಗಂಟ’ ಎಂಬ ಒಂದೇ ಹಣೆಪಟ್ಟಿ ಹಚ್ಚಿದರೆ ನೆರವಾಗುವ ದಾರಿಯೇ ಮುಚ್ಚಿಹೋಗುತ್ತದೆ. ನಮ್ಮ ಹುಡುಗನ ಸಾಲು ಹೀಗಿರುತ್ತದೆ: ಬರದ ಲೆಕ್ಕ ಎದುರಿದ್ದು ಅಪ್ಪ ನೋಡುತ್ತಿದ್ದರೆ ಜಾಗ ಖಾಲಿ ಮಾಡುತ್ತಾನೆ.

5. ಬೇರು ಹುಡುಕುವಾಗ ಅವಸರ ಬೇಡ

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅಜ್ಜಿಯಂದಿರು ಹೇಳುತ್ತಿದ್ದರು. ಅರ್ಧ ಸರಿ. 1979ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಥಾಮಸ್ ಬುಶಾರ್ಡ್ ಆರಂಭಿಸಿದ, ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳ ಅಧ್ಯಯನವೂ ಆಮೇಲಿನ ಹಲವು ಅಧ್ಯಯನಗಳೂ ಹೇಳುವ ಪ್ರಕಾರ, ಜನರ ನಡುವಣ ವ್ಯಕ್ತಿತ್ವದ ವ್ಯತ್ಯಾಸಗಳಲ್ಲಿ ಸುಮಾರು 40ರಿಂದ 50 ಶೇಕಡ ಅನುವಂಶೀಯತೆಗೆ ಸೇರುತ್ತದೆ. ಈ ಅಂಕಿಯನ್ನು ಓದುವಾಗ ಎಡವುವವರೇ ಹೆಚ್ಚು. ನಿಮ್ಮ ಕೋಪದಲ್ಲಿ ಅರ್ಧ ಅಪ್ಪನದು ಎಂದು ಇದರ ಅರ್ಥವಲ್ಲ. ಇದು ಒಂದು ಜನಸಮೂಹದೊಳಗಿನ ವ್ಯತ್ಯಾಸಗಳ ಲೆಕ್ಕ. ಒಬ್ಬನೇ ಮನುಷ್ಯನ ಮೇಲೆ ಅದನ್ನು ಭಾಗ ಹಾಕಲು ಬರುವುದಿಲ್ಲ. ಒಂದೇ ‘ಕೋಪದ ಜೀನ್’ ಕೂಡ ಇಲ್ಲ. ಸಾವಿರಾರು ಜೀನುಗಳ ಪುಟ್ಟ ಪುಟ್ಟ ಪ್ರಭಾವಗಳ ಮೊತ್ತವಿದು.

ಉಳಿದದ್ದು ಸಾಕಿದ ಮನೆಯದೇ ಎಂದುಕೊಂಡರೆ ಅಲ್ಲಿಯೂ ಅಚ್ಚರಿ ಕಾದಿದೆ. ಒಂದೇ ಮನೆಯಲ್ಲಿ ಬೆಳೆದದ್ದರಿಂದ ಅಣ್ಣತಮ್ಮಂದಿರ ಸ್ವಭಾವ ಒಂದೇ ತರಹ ಆಗುವುದು ಬಹಳ ಕಡಿಮೆ. ಹಿರಿಯವನ ಪಾಲಿಗೆ ಅಪ್ಪ ಸಾಲದಲ್ಲಿದ್ದ ಹೊಸ ಅಂಗಡಿಯವರು, ಕಿರಿಯವನ ಪಾಲಿಗೆ ಹೊತ್ತಿಗೆ ಸರಿಯಾಗಿ ಮನೆಗೆ ಬರುವ ನಿವೃತ್ತರು. ಮನೆ ಒಂದೇ, ಬಾಲ್ಯ ಎರಡು.

ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಿಂದ ನ್ಯೂಯಾರ್ಕಿನಲ್ಲಿ ಎಳೆಕೂಸುಗಳನ್ನು ದೊಡ್ಡವರಾಗುವವರೆಗೆ ಹಿಂಬಾಲಿಸಿ ಹೇಳಿದ್ದು ಈ ಹೆಜ್ಜೆಗೆ ತಕ್ಕುದು: ಮಗುವಿನ ಸ್ವಭಾವ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಬದಲು, ಅದು ಮನೆಯ ನಡೆಗೆ ಹೊಂದುತ್ತದೆಯೇ ಎಂದು ಕೇಳಬೇಕು. ನಿಧಾನವಾಗಿ ಹೊಂದಿಕೊಳ್ಳುವ ಮಗು ಅವಸರದ ಮನೆಯಲ್ಲಿ ‘ಸಮಸ್ಯೆ’ಯಾಗುತ್ತದೆ, ಸಾವಧಾನದ ಮನೆಯಲ್ಲಿ ಆಗುವುದಿಲ್ಲ.

6. ಪರೀಕ್ಷೆ ತೆಗೆದುಕೊಂಡರೆ ಅದನ್ನೂ ಪರೀಕ್ಷಿಸಿ

1948ರಲ್ಲಿ ಬರ್ಟ್‌ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ನಡೆಸಿ, ಒಂದು ವಾರದ ಬಳಿಕ ಪ್ರತಿಯೊಬ್ಬರ ಕೈಗೂ ಫಲಿತಾಂಶ ಕೊಟ್ಟರು. ಎಷ್ಟು ಹೊಂದುತ್ತದೆ ಎಂದು ಐದಕ್ಕೆ ಅಂಕ ಕೊಡಿ ಎಂದಾಗ ಬಂದ ಸರಾಸರಿ 4.26. ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ, ಅದರ ಬಹುಭಾಗ ಜ್ಯೋತಿಷ್ಯದ ಪುಸ್ತಕವೊಂದರಿಂದ ಎತ್ತಿದ್ದು! ಬೇರೆಯವರು ನಿಮ್ಮನ್ನು ಮೆಚ್ಚಬೇಕೆಂಬ ಆಸೆ ನಿಮಗಿದೆ, ಕೆಲವೊಮ್ಮೆ ಬೆರೆಯುತ್ತೀರಿ, ಕೆಲವೊಮ್ಮೆ ದೂರವಿರುತ್ತೀರಿ ಎಂಬಂಥ ಮಾತುಗಳು. ಯಾರಿಗೆ ಒಪ್ಪುವುದಿಲ್ಲ ಹೇಳಿ? ವಾರಭವಿಷ್ಯ ನಡೆಯುವುದೂ, ಮೊಬೈಲಿನಲ್ಲಿ ಹರಿದಾಡುವ ‘ನಿಮ್ಮ ವ್ಯಕ್ತಿತ್ವ ತಿಳಿಯಿರಿ’ ಆಟಗಳು ನಡೆಯುವುದೂ ಇದೇ ಬಂಡವಾಳದ ಮೇಲೆ.

ಕಂಪನಿಗಳ ತರಬೇತಿ ಶಿಬಿರಗಳಲ್ಲಿ ನಾಲ್ಕು ಅಕ್ಷರಗಳ ಗುರುತು ಕೊಡುವ ಮೈಯರ್ಸ್–ಬ್ರಿಗ್ಸ್ ಪರೀಕ್ಷೆಯದು ಬೇರೆ ಕಥೆ. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರಗಳ ಮೇಲೆ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್ ಕಟ್ಟಿದ್ದು. ಅಳತೆಗೋಲಿನ ನಡುವೆ ಗೆರೆ ಎಳೆದು ಜನರನ್ನು ಆಚೆ ಈಚೆ ನಿಲ್ಲಿಸುವುದರಿಂದ, ನಡುವಿನಲ್ಲಿರುವವರಿಗೆ ಕೆಲವೇ ವಾರಗಳ ನಂತರ ಬೇರೆಯೇ ಗುರುತು ಸಿಗುವುದು ಸಾಮಾನ್ಯ. ಊಟದ ವಿರಾಮದ ಹರಟೆಗೆ ಅಡ್ಡಿಯಿಲ್ಲ. ಅದನ್ನು ನೋಡಿ ಒಬ್ಬರನ್ನು ಕೆಲಸಕ್ಕೆ ಆರಿಸುವುದು ಮಾತ್ರ ಅನ್ಯಾಯ.

ನಿಜವಾಗಿ ಅಳೆದುಕೊಳ್ಳಬೇಕೆಂದಿದ್ದರೆ ಐದು ಗುಣಗಳನ್ನಾಧರಿಸಿದ ಪ್ರಶ್ನಾವಳಿ ಆರಿಸಿ. ಲೂಯಿಸ್ ಗೋಲ್ಡ್‌ಬರ್ಗ್ ರೂಪಿಸಿದ ಐಪಿಐಪಿ (ಇಂಟರ್‌ನ್ಯಾಷನಲ್ ಪರ್ಸನಾಲಿಟಿ ಐಟಂ ಪೂಲ್) ಸಂಗ್ರಹದ ಪ್ರಶ್ನೆಗಳು ಎಲ್ಲರಿಗೂ ಉಚಿತ. ಫಲಿತಾಂಶದಲ್ಲಿ ‘70’ ಎಂದು ಕಂಡರೆ ಯಾರ ಜೊತೆ ಹೋಲಿಸಿ ಆ 70 ಎಂದು ನೋಡಿ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಜೊತೆ ಹೋಲಿಸಿದ್ದರೆ ಹಾವೇರಿಯ ನಲವತ್ತೈದರ ಶಿಕ್ಷಕಿಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ. ನಿಮ್ಮ ಕುರಿತು ಅದೇ ಪ್ರಶ್ನೆಗಳಿಗೆ ನಿಮ್ಮನ್ನು ಬಲ್ಲವರೊಬ್ಬರೂ ಉತ್ತರಿಸಲಿ. ಸಿಮಿನ್ ವಜೀರ್ 2010ರಲ್ಲಿ ತೋರಿಸಿದಂತೆ ಒಳಗಿನ ಆತಂಕ ನಮಗೇ ಚೆನ್ನಾಗಿ ಗೊತ್ತಿರುತ್ತದೆ. ಜಾಣತನದಂಥ, ನಾವು ಹೊಗಳಿಕೊಳ್ಳಲು ಬಯಸುವ ಗುಣಗಳಲ್ಲಿ ಗೆಳೆಯರ ಅಂದಾಜು ನಮ್ಮದಕ್ಕಿಂತ ಸರಿಯಾಗಿರುತ್ತದೆ.

7. ಬದಲಾಯಿಸಬೇಕಿದ್ದರೆ ‘ಹೀಗಾದರೆ’ಯಿಂದ ಶುರುಮಾಡಿ

ಮೂವತ್ತು ದಾಟಿದ ಮೇಲೆ ಸ್ವಭಾವ ಕಲ್ಲಾಗುತ್ತದೆ ಎಂಬ ಮಾತು ನಿಲ್ಲುವುದಿಲ್ಲ. ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2006ರಲ್ಲಿ ಅನೇಕ ದೀರ್ಘಕಾಲದ ಅಧ್ಯಯನಗಳನ್ನು ಒಟ್ಟುಸೇರಿಸಿ ನೋಡಿದಾಗ, ವಯಸ್ಸಿನೊಂದಿಗೆ ಸರಾಸರಿ ಹೊಣೆಗಾರಿಕೆ ಏರುವುದೂ ಆತಂಕದ ಪ್ರವೃತ್ತಿ ಇಳಿಯುವುದೂ ಕಂಡಿತು. ಹೆಚ್ಚಿನ ಬದಲಾವಣೆ ಇಪ್ಪತ್ತರಿಂದ ನಲವತ್ತರ ನಡುವೆ. ಬೇಕೆಂದೇ ಬದಲಾಗಲು ಸಾಧ್ಯವೇ ಎಂಬುದನ್ನು ನೇಥನ್ ಹಡ್ಸನ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳೊಂದಿಗೆ 15 ವಾರ ಪರೀಕ್ಷಿಸಿದರು. ವಾರವಾರವೂ ಚಿಕ್ಕ ಕೆಲಸಗಳನ್ನು ಆರಿಸಿಕೊಂಡು ನಿಜವಾಗಿ ಮಾಡಿದವರ ಗುಣ ಬಯಸಿದ ಕಡೆಗೆ ಸ್ವಲ್ಪ ಸರಿಯಿತು. ಆಸೆಪಟ್ಟು ಸುಮ್ಮನಿದ್ದವರದು ಸರಿಯಲಿಲ್ಲ.

‘ಇನ್ನು ಮೇಲೆ ಶಿಸ್ತಿನಿಂದ ಇರುತ್ತೇನೆ’ ಎಂಬ ಯುಗಾದಿಯ ಸಂಕಲ್ಪದಿಂದ ಏನೂ ಆಗುವುದಿಲ್ಲ. ಪೀಟರ್ ಗೋಲ್‌ವಿಟ್ಸರ್ ಅವರ ಸಂಶೋಧನೆಯ ಪ್ರಕಾರ ಸಂಕಲ್ಪಕ್ಕೆ ಸಂದರ್ಭದ ಕೊಕ್ಕೆ ಬೇಕು: ಇದು ಆದೊಡನೆ ನಾನು ಅದನ್ನು ಮಾಡುತ್ತೇನೆ. ನಾಲ್ಕನೇ ಹೆಜ್ಜೆಯಲ್ಲಿ ಬರೆದ ಸಾಲನ್ನು ಎತ್ತಿಕೊಂಡು ಅದರ ದ್ವಿತೀಯಾರ್ಧವನ್ನು ಬದಲಿಸಿ. ಹುಡುಗ ಬರೆಯಬಹುದಾದದ್ದು: ಲೆಕ್ಕ ನಿಂತರೆ ಅದಕ್ಕೆ ಗುರುತು ಹಾಕಿ ಮುಂದಿನದಕ್ಕೆ ಹೋಗುತ್ತೇನೆ. ಅಪ್ಪ ಬರೆಯಬೇಕಾದದ್ದು: ಮಗ ಗಣಿತಕ್ಕೆ ಕುಳಿತರೆ ನಾನು ಪಕ್ಕದ ಕೋಣೆಗೆ ಹೋಗುತ್ತೇನೆ, ಕರೆದರೆ ಮಾತ್ರ ಬರುತ್ತೇನೆ. ಇಬ್ಬರಲ್ಲಿ ಕಷ್ಟದ ಕೆಲಸ ಅಪ್ಪನದು. ಎರಡು ವಾರಗಳ ನಂತರ ಮತ್ತೆ ನಾಲ್ಕಾರು ಸಂಜೆ ಬರೆದು ಹೋಲಿಸಿ. ಬದಲಾವಣೆ ಕಾಣದಿದ್ದರೆ ನಿಮ್ಮ ‘ಹೀಗಾದರೆ’ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಬೀಜಗಣಿತದ ಹಿಂದಿನ ಪಾಠಗಳೇ ಅವನಿಗೆ ಬರುತ್ತಿಲ್ಲದಿರಬಹುದು, ಕಪ್ಪುಹಲಗೆ ಸರಿಯಾಗಿ ಕಾಣುತ್ತಿಲ್ಲದಿರಬಹುದು. ಕನ್ನಡಕ ಹಾಕಿದ ಮೇಲೆ ‘ಸ್ವಭಾವ’ ಬದಲಾದ ಮಕ್ಕಳೂ ಇದ್ದಾರೆ.

ಕೆಲವು ಬದಲಾವಣೆಗಳಿಗೆ ಈ ಹೆಜ್ಜೆಗಳೊಂದೂ ಸಲ್ಲವು. ವರ್ಷಗಳಿಂದ ಸಮಾಧಾನಿಯಾಗಿದ್ದವರು ಕೆಲವೇ ವಾರಗಳಲ್ಲಿ ಸಿಡುಕರಾದರೆ, ಲೆಕ್ಕವಿಟ್ಟು ಖರ್ಚು ಮಾಡುತ್ತಿದ್ದವರು ದುಂದುಗಾರರಾದರೆ, ನಿದ್ದೆ ಮತ್ತು ಊಟ ತಪ್ಪಿದರೆ, ಬದುಕು ಬೇಡವೆಂಬ ಮಾತು ಬಾಯಲ್ಲಿ ಬಂದರೆ ಕಾಯಬೇಡಿ. ಥೈರಾಯ್ಡ್ ಏರುಪೇರು, ಖಿನ್ನತೆ, ತಲೆಗೆ ಬಿದ್ದ ಪೆಟ್ಟು, ಮರೆವಿನ ಕಾಯಿಲೆಯ ಕೆಲವು ಬಗೆಗಳು ಮೊದಲು ಸ್ವಭಾವದ ಬದಲಾವಣೆಯಾಗಿಯೇ ಕಾಣಿಸಿಕೊಳ್ಳಬಹುದು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ರಾತ್ರಿಯಾಗಿದ್ದರೆ, ಅಥವಾ ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.